ಅವ ಆಕ್ಟಿಂಗ್ ಮಾಡಿದ್ದೆಲ್ಲಿ?

ರೊಮ್ಯಾಂಟಿಕ್ ಕಾಮಿಡಿ ನೋಡಿ ಹೊರಬಂದ ಅಭಿಮಾನಿಗಳ ಜಗಳ ಮಂಗಳೂರಿನಲ್ಲಿ ಹೆಚ್ಚುಕಮ್ಮಿ ಒಂದೇ ದಾರಿಯಲ್ಲಿ ಸಾಗುತ್ತದೆ. ಬಿಜೈಯ ಮಾಲ್‌ನ ಪಾರ್ಕಿಂಗ್‌ನಲ್ಲಿ ಶುರುವಾದದ್ದು ಲಾಲ್‌ಬಾಗ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ಖಾಲಿಯಾಗುವ ತನಕ ಮುಗಿಯುವುದಿಲ್ಲ. “ಅವ ಆಕ್ಟಿಂಗ್ ಎಲ್ಲಿ ಮಾಡಿದ್ದು ಮಾರಾಯ? ಅವ ಇರುವುದೇ ಹಾಗೆ” ಎಂದು ಹೀರೋನ ಬಗ್ಗೆ ಒಬ್ಬ ಹೇಳುತ್ತಾನೆ. “ಹಾಗೆ ಇರುವುದು ಅಷ್ಟು ಸುಲಭವಾ? ನೀನೊಮ್ಮೆ ಕ್ಯಾಮೆರಾ ಎದುರು ನಿಂತು ತೋರಿಸು ನೋಡುವ” ಎಂದು ಇನ್ನೊಬ್ಬ. ಅಲ್ಲಿಂದ ಮಾತು ಕಲೆಕ್ಷನ್‌ಗೆ ಹೋಗುತ್ತದೆ, ಹಳೆಯ ಸಿನಿಮಾಕ್ಕೆ ಹೋಗುತ್ತದೆ, ಬೇರೆ ಹೀರೋನ ಅಭಿಮಾನಿಗಳ ಮೇಲೆ ಹೋಗುತ್ತದೆ. ಕೇಳಿದ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಿರುವುದಿಲ್ಲ.

ಪ್ರಶ್ನೆ ಒಳ್ಳೆಯದೇ. ಅಳುವ ದೃಶ್ಯದಲ್ಲಿ ನಟ ಏನು ಮಾಡಿದ ಅಂತ ಎಲ್ಲರಿಗೂ ಕಾಣುತ್ತದೆ. ಫೈಟ್‌ನಲ್ಲಿ ಬೆವರು ಕಾಣುತ್ತದೆ. ಕುರುಡನ ಪಾತ್ರವೋ ಮುದುಕನ ಪಾತ್ರವೋ ಆದರೆ ಶ್ರಮ ಮೈಮೇಲೇ ಬರೆದಿರುತ್ತದೆ. ನಮ್ಮ ಹಾಗೆಯೇ ಅಂಗಿ ಹಾಕಿಕೊಂಡು, ನಮ್ಮ ಹಾಗೆಯೇ ಮಾತಾಡಿ, ಒಬ್ಬ ಹುಡುಗಿಯ ಎದುರು ತಬ್ಬಿಬ್ಬಾಗುವವನ ಕೆಲಸವನ್ನು ಹುಡುಕುವುದು ಎಲ್ಲಿ? ನನ್ನ ಪ್ರಕಾರ ಅದರ ದೊಡ್ಡ ಭಾಗ ಇರುವುದು ಎದುರಿನವರು ಮಾತಾಡುತ್ತಿರುವಾಗ. ನಾವು ಆಗ ನೋಡುವುದೇ ಇಲ್ಲ. ನಮ್ಮ ಕಣ್ಣು ಮಾತಾಡುವವರ ಮೇಲಿರುತ್ತದೆ, ಕಿವಿ ಮುಂದಿನ ಪಂಚ್‌ಗೆ ಕಾಯುತ್ತಿರುತ್ತದೆ.

ಇನ್ನೊಂದು ತೊಡಕು ಹೀರೋನ ಗತ್ತಿನದ್ದು. ಕನ್ನಡ ಸಿನಿಮಾದಲ್ಲಿ ಬಹಳ ಕಾಲ ಪ್ರೀತಿ ಮಾಡುವವನು ಒಬ್ಬ, ನಗಿಸುವವನು ಇನ್ನೊಬ್ಬ. ರಾಜ್‌ಕುಮಾರ್ ಅವರ ಪಕ್ಕದಲ್ಲಿ ನರಸಿಂಹರಾಜು ಇರುತ್ತಿದ್ದರು. ಬೀಳುವುದು, ಪೆಟ್ಟು ತಿನ್ನುವುದು, ಪೇಚಿಗೆ ಸಿಕ್ಕುವುದು ನರಸಿಂಹರಾಜು ಅವರ ಪಾಲಿಗೆ. ರಾಜ್‌ಕುಮಾರ್ ಅವರೇ ಚೆನ್ನಾಗಿ ನಗಿಸಬಲ್ಲವರಾಗಿದ್ದರು, ಆ ಮಾತು ಬೇರೆ. ರೊಮ್ಯಾಂಟಿಕ್ ಕಾಮಿಡಿ ಈ ಎರಡು ಕೆಲಸವನ್ನೂ ಒಬ್ಬನ ತಲೆಗೇ ಕಟ್ಟುತ್ತದೆ. ಹೀರೋನನ್ನು ನೋಡಿ ನಾವು ನಗಬೇಕು. ಹುಡುಗಿ ಅವನನ್ನು ಯಾಕೆ ಒಪ್ಪಿದಳು ಅಂತಲೂ ನಮಗೆ ಅನ್ನಿಸಬೇಕು. ನಗು ಸ್ವಲ್ಪ ಜಾಸ್ತಿಯಾದರೆ ಅವನು ಕೋಡಂಗಿಯಾಗುತ್ತಾನೆ, ಹುಡುಗಿಯ ಆಯ್ಕೆ ನಂಬಲಾಗುವುದಿಲ್ಲ. ಗತ್ತು ಸ್ವಲ್ಪ ಜಾಸ್ತಿಯಾದರೆ ನಗುವೇ ಬರುವುದಿಲ್ಲ.

ಅಭಿಮಾನಿಗೆ ಕಷ್ಟವಾಗುವುದು ಇಲ್ಲೇ. ಅವನಿಗೆ ತನ್ನ ನಟ ಗೆಲ್ಲುವುದು ಬೇಕು. ಈ ಜಾತಿಯ ಸಿನಿಮಾದಲ್ಲಿ ಹೀರೋ ಕೊನೆಯ ಹತ್ತು ನಿಮಿಷ ಬಿಟ್ಟು ಉಳಿದ ಹೊತ್ತೆಲ್ಲ ಸೋಲಬೇಕು. ಆ ಸೋಲನ್ನು ಎಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆ ಎಂಬುದರಲ್ಲೇ ನಟನ ತೂಕ ಗೊತ್ತಾಗುತ್ತದೆ. 1990ರಲ್ಲಿ ಫಣಿ ರಾಮಚಂದ್ರ ಮಾಡಿದ ‘ಗಣೇಶನ ಮದುವೆ’ ನೆನಪು ಮಾಡಿಕೊಳ್ಳಿ. ಒಂದೇ ವಠಾರದಲ್ಲಿದ್ದು ದಿನಾ ಕಿತ್ತಾಡುವ ಇಬ್ಬರು, ಗೊತ್ತಿಲ್ಲದೆ ಒಬ್ಬರನ್ನೊಬ್ಬರು ಪ್ರೀತಿಸುವ ಕಥೆ. ಅನಂತ್ ನಾಗ್ ಅದರಲ್ಲಿ ಸುಮಾರು ಸಲ ಮಾತಿನಲ್ಲಿ ಸೋಲುತ್ತಾರೆ. ಸೋತಾಗ ಮುಖ ಗಂಟು ಹಾಕಿಕೊಂಡು ಹೀರೋ ಆಗಲು ಹೋಗುವುದಿಲ್ಲ. ಅವರ ಎದುರು ನಿಂತು ಸೋಲಿಸಿದ ವಿನಯಾ ಪ್ರಸಾದ್ ನಮ್ಮ ಉಡುಪಿಯವರು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಿವಿಯ ಅಭ್ಯಾಸ

ನಟರನ್ನು ತೂಗಿ ನೋಡುವ ಚಟ ಕರಾವಳಿಯವರಿಗೆ ಸಿನಿಮಾದಿಂದ ಬಂದದ್ದಲ್ಲ. ಯಕ್ಷಗಾನದ್ದೇ ಒಂದು ರೂಪವಾದ ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಹಾಡುವ ಭಾಗವತರ ಪದ್ಯ, ಚೆಂಡೆ ಮದ್ದಳೆ, ಎದುರುಬದುರು ಕೂತು ಪಾತ್ರದ ಮಾತಾಡುವ ಅರ್ಥಧಾರಿಗಳು ಅಷ್ಟೇ. ಹಿಂದಿನವರು ಶೇಣಿ ಗೋಪಾಲಕೃಷ್ಣ ಭಟ್ಟರ ಕಡೆ, ಸಾಮಗರ ಕಡೆ ಅಂತ ಪಕ್ಷ ಕಟ್ಟಿಕೊಂಡು ರಾತ್ರಿಯಿಡೀ ಕೇಳಿ, ಬೆಳಿಗ್ಗೆ ಚಾ ಕುಡಿಯುವಾಗ ಮತ್ತೆ ಅದನ್ನೇ ಚರ್ಚೆ ಮಾಡುತ್ತಿದ್ದರು. ಯಾರ ಪ್ರಶ್ನೆಗೆ ಯಾರು ಹೇಗೆ ಉತ್ತರ ಕೊಟ್ಟರು, ಯಾರು ಸಿಕ್ಕಿಬಿದ್ದರು, ಯಾರು ನುಣುಚಿಕೊಂಡರು ಎಂಬುದೇ ಅಲ್ಲಿ ಅಳತೆಗೋಲು. ಈಗಿನ ಹುಡುಗರು ತಾಳಮದ್ದಳೆ ಕೇಳದೇ ಇರಬಹುದು. ಆದರೆ ಅಜ್ಜನ ಕಿವಿ ಮೊಮ್ಮಗನಿಗೂ ಬಂದಿದೆ ಅಂತ ನನಗನ್ನಿಸುತ್ತದೆ.

ಇದರಿಂದ ಆದ ಒಂದು ತೊಂದರೆ ಎಂದರೆ ನಾವು ಮರುಮಾತನ್ನು ಲೆಕ್ಕ ಹಾಕುತ್ತೇವೆ. ಮಾತಿಗೆ ಮಾತು ಕೊಟ್ಟವನು ಆಕ್ಟಿಂಗ್ ಮಾಡಿದ. ಸುಮ್ನೆ ನಿಂತವನು ಮಾಡಲಿಲ್ಲ. ತುಳು ನಾಟಕ ನೋಡಿ ಬೆಳೆದವರಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ನಗುವಿನ ಎಂಜಿನ್ನೇ ಮಾತು.

ಅದೇ ತಾಳಮದ್ದಳೆ ಇದಕ್ಕೆ ಮದ್ದನ್ನೂ ಇಟ್ಟುಕೊಂಡಿದೆ. ಮನೆಯಲ್ಲಿ ಕಟ್ಟಿಕೊಂಡು ಬಂದ ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ಒಪ್ಪಿಸುವವರು ಯಾರು, ಎದುರಾಳಿಯ ಬಾಯಿಂದ ಆಗ ತಾನೇ ಬಿದ್ದ ಮಾತನ್ನು ಹಿಡಿದು ಉತ್ತರ ಕಟ್ಟುವವರು ಯಾರು ಅಂತ ಅಲ್ಲಿನ ಕೇಳುಗರಿಗೆ ಚೆನ್ನಾಗಿ ಗೊತ್ತು. ಎರಡನೆಯವರಿಗೇ ಮರ್ಯಾದೆ. ಯಾಕೆಂದರೆ ಅವರು ಕೇಳಿಸಿಕೊಂಡಿದ್ದಾರೆ. ಯಕ್ಷಗಾನದ ಹಾಸ್ಯವನ್ನೂ ನೋಡಿ. ಮಿಜಾರು ಅಣ್ಣಪ್ಪ ಅವರಂಥ ಹಾಸ್ಯಗಾರರು ಭಾಗವತರ ಜೊತೆ ಮಾತಿಗೆ ನಿಂತರೆ ಭಾಗವತರು ಗಂಭೀರವಾಗಿಯೇ ಪ್ರಶ್ನೆ ಕೇಳಬೇಕು. ಭಾಗವತರೇ ನಕ್ಕುಬಿಟ್ಟರೆ ಆಟ ಕೆಟ್ಟಿತು. ಅವರ ಗಾಂಭೀರ್ಯ ಇಲ್ಲದೆ ಹಾಸ್ಯಗಾರರ ಮಾತಿಗೆ ಅಷ್ಟು ಹೊಳಪಿಲ್ಲ. ರೊಮ್ಯಾಂಟಿಕ್ ಕಾಮಿಡಿಯ ಹೀರೋ ಕೆಲವು ದೃಶ್ಯದಲ್ಲಿ ಹಾಸ್ಯಗಾರ, ಕೆಲವು ದೃಶ್ಯದಲ್ಲಿ ಭಾಗವತ. ಆ ಅದಲುಬದಲು ಅವನಿಗೆ ಗೊತ್ತಿರಬೇಕು.

ಒಂದು ಪಾತ್ರ, ಮೂವರು ನಟರು

ವಾದ ಗಾಳಿಯಲ್ಲಿ ಬೇಡ. ನಮ್ಮ ಊರಿನ ಒಂದು ಸಿನಿಮಾವನ್ನೇ ಹಿಡಿಯೋಣ. 2017ರ ‘ಒಂದು ಮೊಟ್ಟೆಯ ಕಥೆ’. ಮಂಗಳೂರಿನ ಕಾಲೇಜೊಂದರ ಕನ್ನಡ ಮೇಷ್ಟ್ರು ಜನಾರ್ದನ, ತಲೆ ಬೋಳು, ಮದುವೆಗೆ ಹೆಣ್ಣು ಸಿಗುತ್ತಿಲ್ಲ. ಜನ ತನ್ನ ರೂಪ ನೋಡಿ ಬೇಡ ಅನ್ನುತ್ತಾರೆ ಅಂತ ಕೊರಗುವವನು ತಾನೂ ಹುಡುಗಿಯರ ರೂಪವನ್ನೇ ನೋಡುತ್ತಾನೆ. ಬರೆದದ್ದು, ನಿರ್ದೇಶನ ಮಾಡಿದ್ದು, ಜನಾರ್ದನನಾಗಿ ನಟಿಸಿದ್ದು ಎಲ್ಲ ರಾಜ್ ಬಿ. ಶೆಟ್ಟಿ. “ಅವ ಇರುವುದೇ ಹಾಗೆ” ಎಂಬ ಮಾತು ಈ ಸಿನಿಮಾದ ಬಗ್ಗೆ ಕೇಳಿಬಂದಷ್ಟು ಬೇರೆ ಯಾವುದರ ಬಗ್ಗೆಯೂ ನಾನು ಕೇಳಿಲ್ಲ. ತಲೆ ಅವರದ್ದೇ, ಊರು ನಮ್ಮದೇ, ಭಾಷೆ ನಾವು ಮಾತಾಡುವುದೇ. ಮತ್ತೆ ಆಕ್ಟಿಂಗ್ ಎಂತದ್ದು?

ನಮ್ಮ ಅದೃಷ್ಟಕ್ಕೆ ಇದಕ್ಕೊಂದು ಪರೀಕ್ಷೆ ತಾನಾಗಿಯೇ ನಡೆದಿದೆ. ಎರಡು ವರ್ಷದ ಬಳಿಕ, 2019ರಲ್ಲಿ, ಇದೇ ಕಥೆ ಮಲಯಾಳದಲ್ಲಿ ‘ತಮಾಶ’ ಆಯಿತು, ಹಿಂದಿಯಲ್ಲಿ ‘ಉಜ್ಡಾ ಚಮನ್’ ಆಯಿತು. ಮಲಯಾಳದಲ್ಲಿ ವಿನಯ್ ಫೋರ್ಟ್, ಹಿಂದಿಯಲ್ಲಿ ಸನ್ನಿ ಸಿಂಗ್. ಸನ್ನಿ ಸಿಂಗ್‌ಗೆ ಬೋಳು ತಲೆ ಬಂದದ್ದು ಮೇಕಪ್‌ನಿಂದ. ಪಾತ್ರದ ಅಸ್ಥಿಪಂಜರ ಒಂದೇ: ಸಂಕೋಚದ ಮೇಷ್ಟ್ರು, ಕೂದಲಿನ ಚಿಂತೆ, ಮದುವೆಯ ಆತುರ. ಮೂರನ್ನೂ ನೋಡಿದರೆ ಕೂಡಲೇ ಗೊತ್ತಾಗುತ್ತದೆ, ಅಸ್ಥಿಪಂಜರ ಒಂದೇ ಆದರೂ ಮನುಷ್ಯರು ಮೂವರು. ಹಿಂದಿಯಲ್ಲಿ ದೆಹಲಿಯ ಪಂಜಾಬಿ ಮನೆಯ ಗದ್ದಲ ಸುತ್ತಲೂ ಇದೆ. ಆ ಗದ್ದಲದ ನಡುವೆ ಹೀರೋ ಇನ್ನಷ್ಟು ಕುಗ್ಗಿದವನ ಹಾಗೆ ಕಾಣುತ್ತಾನೆ. ವಿನಯ್ ಫೋರ್ಟ್ ಅವರ ಮೇಷ್ಟ್ರಲ್ಲಿ ನಾಚಿಕೆ ಜಾಸ್ತಿ, ಪೆಚ್ಚುತನ ಕಮ್ಮಿ. ಜನಾರ್ದನನಲ್ಲಿ ನನಗೆ ಹಿಡಿಸಿದ್ದು ಅವನ ಒಳಗಿನ ಸಣ್ಣ ಜಂಬ. ಬೈದರೆ ತಗ್ಗುತ್ತಾನೆ, ಆದರೆ ತಾನು ಕನ್ನಡ ಮೇಷ್ಟ್ರು, ಅಣ್ಣಾವ್ರ ಅಭಿಮಾನಿ ಎಂಬ ಹೆಮ್ಮೆ ಪೂರ್ತಿ ಹೋಗುವುದಿಲ್ಲ. ಬೋಳು ತಲೆಯಿಂದ ಆ ಜಂಬ ಬರುವುದಿಲ್ಲ. ಅದನ್ನು ಯಾರೋ ತಂದು ಹಾಕಬೇಕು.

ಯಾರು ಹಾಕಿದ್ದು? ಬರೆದವರೂ ಅವರೇ, ನಟಿಸಿದವರೂ ಅವರೇ ಆದಾಗ ಬಿಡಿಸಿ ಹೇಳುವುದು ಕಷ್ಟ. ತನ್ನ ಮೈಗೆ, ತನ್ನ ದನಿಗೆ ಸರಿಯಾಗಿ ಪಾತ್ರ ಹೊಲಿಸಿಕೊಂಡದ್ದು ಬರವಣಿಗೆಯ ಗೆಲುವು ಎಂದು ಯಾರಾದರೂ ಹೇಳಿದರೆ ನಾನು ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಅವರದ್ದೇ 2021ರ ‘ಗರುಡ ಗಮನ ವೃಷಭ ವಾಹನ’ ನೋಡಬೇಕು. ಅದರಲ್ಲಿ ಮಂಗಳಾದೇವಿ ಆಸುಪಾಸಿನ ರೌಡಿ ಶಿವ ಅವರೇ. ಅದೇ ಮುಖ, ಅದೇ ಊರು, ಮಾತು ಕಮ್ಮಿ. ಜನಾರ್ದನ ಮಾತು ನಿಲ್ಲಿಸಿದರೆ ನಗು ಬರುತ್ತದೆ. ಶಿವ ಮಾತು ನಿಲ್ಲಿಸಿದರೆ ಥಿಯೇಟರ್‌ನಲ್ಲಿ ಉಸಿರು ಬಿಗಿ ಹಿಡಿಯುತ್ತೇವೆ. “ಇರುವುದೇ ಹಾಗೆ” ಅನ್ನುವವರು ಈ ಎರಡರಲ್ಲಿ ಯಾವ ಹಾಗೆ ಅಂತ ಹೇಳಬೇಕಾಗುತ್ತದೆ.

ಒಂದೇ ನಟನ ಮೌನ ಒಂದು ಕಡೆ ನಗು, ಇನ್ನೊಂದು ಕಡೆ ಹೆದರಿಕೆ ಹೇಗಾಯಿತು? ಕಣ್ಣು ನೋಡಿದರೆ ಅರ್ಥವಾಗುತ್ತದೆ. ಜನಾರ್ದನನ ಕಣ್ಣು ಎದುರಿನವರ ಮುಖ ಓದುತ್ತಿರುತ್ತದೆ: ಇವರು ನನ್ನ ತಲೆ ನೋಡಿದರಾ, ನಕ್ಕರಾ, ಮನಸ್ಸಿನಲ್ಲಿ ಏನಂದುಕೊಂಡರು? ಶಿವನಿಗೆ ಎದುರಿನವರು ಏನಂದುಕೊಂಡರು ಎಂಬುದೇ ಬೇಕಿಲ್ಲ. ಕೇಳಿಸಿಕೊಳ್ಳುವುದು ಮತ್ತು ಕೇಳಿಸಿಕೊಳ್ಳದೇ ಇರುವುದು, ಇಷ್ಟೇ ವ್ಯತ್ಯಾಸ. ಡೈಲಾಗ್ ಲೆಕ್ಕ ಹಾಕಿದವರಿಗೆ ಇದು ಸಿಗುವುದಿಲ್ಲ.

ಜನಾರ್ದನನ ಜೊತೆಗಾರ ಶ್ರೀನಿವಾಸನಾಗಿ ಬರುವ ಪ್ರಕಾಶ್ ತುಮಿನಾಡು ಅವರನ್ನೂ ಮರೆಯುವ ಹಾಗಿಲ್ಲ. ಥಿಯೇಟರ್‌ನಲ್ಲಿ ಜೋರು ನಗು ಬಿದ್ದ ಕಡೆಗಳಲ್ಲಿ ಎಷ್ಟೋ ಸಲ ಮಾತು ಅವರದ್ದು. ಆ ಮಾತನ್ನು ನುಂಗಿಕೊಂಡು ನಿಂತ ಮುಖ ಜನಾರ್ದನನದ್ದು. ಆಗ ಹೀರೋ ಭಾಗವತ.

ಅಂದ ಹಾಗೆ, ಬೆಂಗಳೂರಿನ ಸಿನಿಮಾಗಳಲ್ಲಿ ನಮ್ಮ ಕಡೆಯ ಕನ್ನಡ ಬಹಳ ಕಾಲ ಹೋಟೆಲ್ ಭಟ್ಟರ ಪಾತ್ರಕ್ಕೆ, ಅಡುಗೆಯವರ ಪಾತ್ರಕ್ಕೆ ಮೀಸಲಾಗಿತ್ತು. ಬಾಯಿ ಬಿಟ್ಟರೆ ಸಾಕು, ನಗು. ಎಲ್ಲರೂ ಅದೇ ಭಾಷೆ ಮಾತಾಡುವ ಸಿನಿಮಾದಲ್ಲಿ ಆ ಸುಲಭದ ನಗು ಸಿಗುವುದಿಲ್ಲ. ಬೇರೆ ಊರಿನವರು ರಾಗಕ್ಕೆ ನಗುವ ಕಡೆ ನಾವು ಸುಮ್ಮನಿರುತ್ತೇವೆ. ಅವರಿಗೆ ತಿಳಿಯದ ಕಡೆ ನಾವು ನಗುತ್ತೇವೆ. ಒಂದೇ ನಟನೆಯ ಬಗ್ಗೆ ಎರಡು ಊರಿನ ಅಭಿಮಾನಿಗಳು ಬೇರೆ ಬೇರೆ ಸಾಕ್ಷಿ ಹೇಳುವುದಕ್ಕೆ ಇದೂ ಒಂದು ಕಾರಣ.

ಎಡಿಟರ್‌ನ ಪಾಲು ಎಷ್ಟು?

1920ರ ಆಸುಪಾಸಿನಲ್ಲಿ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದರು. ಇವಾನ್ ಮೊಜೂಖಿನ್ ಎಂಬ ನಟನ ಭಾವನೆಯೇ ಇಲ್ಲದ ಒಂದು ಮುಖದ ಶಾಟ್ ತೆಗೆದುಕೊಂಡು, ಅದರ ಜೊತೆಗೆ ಒಮ್ಮೆ ಸೂಪಿನ ಬಟ್ಟಲು, ಇನ್ನೊಮ್ಮೆ ಶವಪೆಟ್ಟಿಗೆ ಹೀಗೆ ಬೇರೆ ಬೇರೆ ಶಾಟ್ ಅಂಟಿಸಿ ತೋರಿಸಿದರು. ಮುಖ ಬದಲಾಗಲಿಲ್ಲ. ನೋಡಿದವರಿಗೆ ಮಾತ್ರ ಒಂದು ಕಡೆ ಹಸಿವು ಕಂಡಿತು, ಇನ್ನೊಂದು ಕಡೆ ದುಃಖ ಕಂಡಿತು. ಜನ ನಟನೆಯನ್ನು ಬಾಯಿತುಂಬ ಹೊಗಳಿದರು ಅಂತ ಕುಲೆಶೋವ್ ಅವರ ಶಿಷ್ಯ ಪುಡೋವ್ಕಿನ್ ಬರೆದಿದ್ದಾರೆ.

ನಿಮ್ಮ ಮೆಚ್ಚಿನ ನಟನ ಸಣ್ಣ ನಗುವನ್ನು ಹೊಗಳುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ. ಆ ನಗು ಯಾವ ದೃಶ್ಯಕ್ಕೆ ನಕ್ಕದ್ದೋ, ಎಡಿಟರ್ ಎಲ್ಲಿಂದ ತಂದು ಎಲ್ಲಿ ಇಟ್ಟರೋ. ಕ್ಲೋಸಪ್ ತೆಗೆಯುವಾಗ ಎದುರಿಗೆ ಹೀರೋಯಿನ್ ಇದ್ದೇ ಇರುತ್ತಾಳೆ ಅಂತಲೂ ಇಲ್ಲ. ಎಷ್ಟೋ ಸಲ ಕ್ಯಾಮೆರಾ ಪಕ್ಕದಲ್ಲಿ ನಿಂತ ಅಸಿಸ್ಟೆಂಟ್ ಡೈರೆಕ್ಟರ್ ಅವಳ ಮಾತನ್ನು ಓದುತ್ತಿರುತ್ತಾನೆ. ಹೀರೋ ಆ ಗಡ್ಡದವನ ಮುಖ ನೋಡಿಯೇ ಕರಗಬೇಕು. ಪಾಪ.

ಕಾಮಿಡಿಯಲ್ಲಿ ಎಡಿಟರ್‌ನ ಕೈ ಇನ್ನೂ ಉದ್ದ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಪ್ರಶ್ನೆಗೂ ಉತ್ತರಕ್ಕೂ ನಡುವೆ 12 ಫ್ರೇಮ್ ಸೇರಿಸಿದರೆ ಅರ್ಧ ಸೆಕೆಂಡ್ ತಡ. ಆ ಅರ್ಧ ಸೆಕೆಂಡಿನಲ್ಲಿ ಸಾಧಾರಣ ಮಾತು ನಗುವಾಗಬಹುದು, ಒಳ್ಳೆಯ ಜೋಕ್ ಸತ್ತೂ ಹೋಗಬಹುದು. ಡಬ್ಬಿಂಗ್‌ನಲ್ಲೂ ಹೀಗೆಯೇ. ನಮ್ಮಲ್ಲಿ ಬಹಳಷ್ಟು ಸಿನಿಮಾಗಳಲ್ಲಿ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸುತ್ತಾರೆ. ಶೂಟಿಂಗ್‌ನಲ್ಲಿ ನುಂಗಿದ ಮಾತನ್ನು ಡಬ್ಬಿಂಗ್‌ನಲ್ಲಿ ಸರಿ ಮಾಡಿಕೊಳ್ಳಬಹುದು. ಬೇರೆ ಭಾಷೆಯಿಂದ ಬಂದ ಹೀರೋಯಿನ್ ಆದರೆ ಮುಖ ಒಬ್ಬರದ್ದು, ದನಿ ಇನ್ನೊಬ್ಬರದ್ದು. “ಎಷ್ಟು ಚಂದ ಮಾತಾಡ್ತಾಳೆ ಅಲ್ವಾ” ಎಂಬ ಹೊಗಳಿಕೆ ಹೋಗಬೇಕಾದ ವಿಳಾಸವೇ ಬೇರೆ.

ಹಾಗಾದರೆ ನಟನ ಪಾಲನ್ನು ಬೇರ್ಪಡಿಸಿ ನೋಡುವುದು ಹೇಗೆ? ಕಟ್ ಇಲ್ಲದ ಕಡೆ ನೋಡಬೇಕು. ಇಬ್ಬರೂ ಒಂದೇ ಫ್ರೇಮ್‌ನಲ್ಲಿ ನಿಂತು, ಅರ್ಧ ನಿಮಿಷವೋ ಒಂದು ನಿಮಿಷವೋ ಕ್ಯಾಮೆರಾ ಬದಲಾಗದೆ ನಡೆಯುವ ದೃಶ್ಯ ಬಹಳಷ್ಟು ಸಿನಿಮಾಗಳಲ್ಲಿ ಒಂದೆರಡಾದರೂ ಇರುತ್ತದೆ. ಅಲ್ಲಿ ಎಡಿಟರ್ ಕಾಪಾಡಲಾರ. ತಡ ಮಾಡಿದರೆ ನಟನೇ ತಡ ಮಾಡಿದ್ದು, ಸರಿಯಾದ ಹೊತ್ತಿಗೆ ಕಣ್ಣೆತ್ತಿದರೆ ನಟನೇ ಎತ್ತಿದ್ದು. ಸಿನಿಮಾ ಫೋನಿಗೋ ಟಿವಿಗೋ ಬಂದ ಮೇಲೆ ಆ ದೃಶ್ಯವನ್ನು ಸೌಂಡ್ ಆಫ್ ಮಾಡಿ ನೋಡಿ. ಮಾತಾಡದವನನ್ನು ಮಾತ್ರ ನೋಡಿ. ತನ್ನ ಸರದಿಗೆ ಕಾಯುತ್ತಿದ್ದಾನೋ, ನಿಜವಾಗಿ ಕೇಳುತ್ತಿದ್ದಾನೋ ಗೊತ್ತಾಗುತ್ತದೆ. ಕಾಯುವವನ ಬಾಯಿ ಮಾತಿಗೆ ಮುಂಚೆಯೇ ಸ್ವಲ್ಪ ತೆರೆದುಕೊಳ್ಳುತ್ತದೆ. ಒಮ್ಮೆ ಕಂಡರೆ ಮತ್ತೆ ಎಲ್ಲ ಸಿನಿಮಾದಲ್ಲೂ ಕಾಣುತ್ತದೆ, ಅದೊಂದು ಕಿರಿಕಿರಿ.

ನಗುವಿನ ಗಲಾಟೆ

ಥಿಯೇಟರ್ ತುಂಬಿದ್ದಾಗ ನೋಡಿದವನಿಗೂ ಮಂಗಳವಾರ ಬೆಳಿಗ್ಗೆಯ ಶೋಗೆ ಹೋದವನಿಗೂ ಯಾವತ್ತೂ ಒಮ್ಮತ ಬರುವುದಿಲ್ಲ. ಇದರಲ್ಲಿ ಇಬ್ಬರದ್ದೂ ತಪ್ಪಿಲ್ಲ. ದೇವದಾಸ್ ಕಾಪಿಕಾಡ್, ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್ ಇವರೆಲ್ಲ ತುಳು ರಂಗಭೂಮಿಯಲ್ಲಿ ಪಳಗಿದವರು. ಸ್ಟೇಜ್ ಮೇಲೆ ನಗು ಎದ್ದಾಗ ಅವರು ನಿಲ್ಲುತ್ತಾರೆ. ನಗು ಇಳಿಯುತ್ತಾ ಬಂದಾಗ, ಪೂರ್ತಿ ನಿಲ್ಲುವ ಮೊದಲೇ, ಮುಂದಿನ ಮಾತು ಬಿಡುತ್ತಾರೆ. ಇವತ್ತಿನ ಜನ ಜೋರಾಗಿದ್ದರೆ ಒಂದು ಮಾತು ಜಾಸ್ತಿ, ಮಂಕಾಗಿದ್ದರೆ ಒಂದು ಮಾತು ಕಮ್ಮಿ. ಪ್ರೇಕ್ಷಕರೇ ಅಲ್ಲಿ ಇನ್ನೊಂದು ಪಾತ್ರ.

ಸಿನಿಮಾದಲ್ಲಿ ನಟನಿಗೆ ಆ ಪಾತ್ರವೇ ಕಾಣುವುದಿಲ್ಲ. ಎಷ್ಟು ನಿಲ್ಲಬೇಕು ಎಂಬುದನ್ನು ತಿಂಗಳುಗಳ ಮೊದಲೇ ಊಹಿಸಿ ಕತ್ತರಿಸಿ ಇಟ್ಟಾಗಿದೆ. ಜಾಸ್ತಿ ನಿಲ್ಲಿಸಿದರೆ ಖಾಲಿ ಥಿಯೇಟರ್‌ನಲ್ಲಿ ನಟ ಸುಮ್ನೆ ಬಿಟ್ಟ ಬಾಯಿ ಬಿಟ್ಟ ಹಾಗೆ ನಿಂತಂತೆ ಕಾಣುತ್ತದೆ. ಕಮ್ಮಿ ನಿಲ್ಲಿಸಿದರೆ ತುಂಬಿದ ಥಿಯೇಟರ್‌ನಲ್ಲಿ ಎರಡನೇ ಮಾತು ಮೊದಲನೆಯದರ ನಗುವಿನಲ್ಲಿ ಮುಳುಗಿಹೋಗುತ್ತದೆ. 2011ರ ‘ಒರಿಯರ್ದೊರಿ ಅಸಲ್’ ಸ್ವತಃ ನಾಟಕದಿಂದ ಬಂದ ಸಿನಿಮಾ. ಅದಾದ ಮೇಲೆ ತುಳು ಸಿನಿಮಾಗಳು ಸಾಲಾಗಿ ಬಂದವು. ಸ್ಟೇಜ್‌ನ ನಟರಿಗೆ ಆಗ ಹೊಸದಾಗಿ ಎದುರಾದದ್ದು ಈ ತೊಂದರೆಯೇ. ಸ್ಟೇಜ್‌ನಲ್ಲಿ ಕೊನೆಯ ಸಾಲಿನವನಿಗೂ ಮುಟ್ಟಬೇಕಾದ ಮುಖಭಾವ ಕ್ಲೋಸಪ್‌ನಲ್ಲಿ ಅತಿಯಾಗುತ್ತದೆ. ಅದನ್ನು ಇಳಿಸಿಕೊಂಡವರು ಸಿನಿಮಾದಲ್ಲೂ ನಿಂತರು. “ನಾಟಕದ ಹಾಗೆ ಮಾಡಿದ” ಎಂಬುದು ನಮ್ಮಲ್ಲಿ ಬೈಗುಳವಾಗಿ ಬಳಕೆಯಾಗುತ್ತದೆ. ಅದು ಬರೀ ಅಳತೆಯ ವಿಷಯ, ನಾಟಕದವರನ್ನು ಕೀಳು ಮಾಡಲು ಕಾರಣವಲ್ಲ.

ಜೋಡಿ

ಈಗ ಉಡುಪಿಯ ವಿನಯಾ ಪ್ರಸಾದ್ ಅವರ ವಿಷಯಕ್ಕೆ. ಅಭಿಮಾನಿಗಳ ಜಗಳದಲ್ಲಿ ಹೀರೋಯಿನ್ ಹೆಸರು ಬರುವುದೇ ಅಪರೂಪ. ಬಂದರೂ “ಕೆಮಿಸ್ಟ್ರಿ ಸೂಪರ್” ಎಂಬ ಎರಡು ಶಬ್ದದಲ್ಲಿ ಮುಗಿಯುತ್ತದೆ. ಈ ಜಾತಿಯ ಸಿನಿಮಾದಲ್ಲಿ ಹೀರೋನ ನಟನೆ ಎಂಬುದು ಮುಕ್ಕಾಲು ಭಾಗ ಅವಳು ಎಸೆದದ್ದಕ್ಕೆ ಅವನ ಉತ್ತರ. ಅವಳು ಮೆತ್ತಗೆ ಎಸೆದರೆ ಅವನಿಗೆ ಹಿಡಿಯಲು ಏನಿದೆ? ‘ಗಣೇಶನ ಮದುವೆ’ಯಲ್ಲಿ ವಿನಯಾ ಪ್ರಸಾದ್ ಅವರ ಸಿಟ್ಟು ನಿಜವಾದ ಸಿಟ್ಟು. ನಾನು ನಗಿಸುವ ಸಿನಿಮಾದಲ್ಲಿದ್ದೇನೆ ಎಂಬ ಗುರುತೇ ಆ ಸಿಟ್ಟಿನಲ್ಲಿಲ್ಲ. ಅದಕ್ಕೇ ಅನಂತ್ ನಾಗ್ ತಬ್ಬಿಬ್ಬಾದಾಗ ನಗು ಉಕ್ಕುತ್ತದೆ. ಸಿಟ್ಟಿನ ನಡುವೆ ಅವರೇ ಒಮ್ಮೆ ಪ್ರೇಕ್ಷಕರ ಕಡೆ ಕಣ್ಣು ಹೊಡೆದಂತೆ ನಟಿಸಿದ್ದರೆ ಇಬ್ಬರ ಕೆಲಸವೂ ಹಾಳಾಗುತ್ತಿತ್ತು.

ಹಾಲಿವುಡ್‌ನಲ್ಲಿ ಈ ಬಗೆಯ ಸಿನಿಮಾಗಳಿಗೆ ದಾರಿ ಹಾಕಿಕೊಟ್ಟದ್ದು 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’. ಹಿಂದಿಯ ‘ಚೋರಿ ಚೋರಿ’ಗೂ ಅದೇ ಬೇರು. ಅದಕ್ಕೆ ಆಸ್ಕರ್ ಬಂದಾಗ ಕ್ಲಾರ್ಕ್ ಗೇಬಲ್, ಕ್ಲಾಡೆಟ್ ಕೋಲ್ಬರ್ಟ್ ಇಬ್ಬರಿಗೂ ಬಂತು. ಹಾಗಂತ ಪ್ರಶಸ್ತಿ ಕೊಡುವವರಿಗೆ ಕಾಮಿಡಿಯ ಕಷ್ಟ ಯಾವಾಗಲೂ ಕಾಣುತ್ತದೆ ಅಂತ ತಿಳಿಯಬೇಡಿ. ಇಂಥ ಪಾತ್ರಗಳಲ್ಲಿ ಎತ್ತಿದ ಕೈ ಅನ್ನಿಸಿಕೊಂಡ ಕ್ಯಾರಿ ಗ್ರಾಂಟ್‌ಗೆ ಸ್ಪರ್ಧೆಯಲ್ಲಿ ಒಂದೂ ಆಸ್ಕರ್ ಸಿಗಲಿಲ್ಲ. 1970ರಲ್ಲಿ ಗೌರವ ಪ್ರಶಸ್ತಿ ಕೊಟ್ಟು ಸಮಾಧಾನ ಮಾಡಿದರು. ಅಲ್ಲೂ ಯಾರೋ “ಅವ ಇರುವುದೇ ಹಾಗೆ” ಅಂದಿರಬೇಕು.

ಜಗಳ ಮುಗಿಯುವ ಹೊತ್ತಿಗೆ ಅಭಿಮಾನಿಗಳು ಹೇಳುವ ಇನ್ನೊಂದು ಮಾತಿದೆ: “ಪಿಕ್ಚರ್ ಡಲ್, ಆದ್ರೆ ಅವ ಚೆನ್ನಾಗಿ ಮಾಡಿದ್ದಾನೆ.” ಫೈಟ್ ಸಿನಿಮಾದಲ್ಲಿ ಈ ಮಾತು ನಡೆಯುತ್ತದೆ. ಅಲ್ಲಿ ಹೀರೋ ಒಬ್ಬನೇ ಎದ್ದು ನಿಲ್ಲಬಹುದು. ರೊಮ್ಯಾಂಟಿಕ್ ಕಾಮಿಡಿಯಲ್ಲಿ ಎದುರಿನವರು ಸೋತರೆ, ಬರವಣಿಗೆ ಸೋತರೆ, ಅವನಿಗೆ ಪ್ರತಿಕ್ರಿಯೆ ಕೊಡಲು ಏನೂ ಉಳಿಯುವುದಿಲ್ಲ. ಆಗ ನಮಗೆ ಇಷ್ಟವಾಗಿದ್ದು ಅವನ ನಗು, ಅವನ ದನಿ, ಅವನ ಹಳೆಯ ಸಿನಿಮಾದ ನೆನಪು. ಇಷ್ಟಪಡುವುದಕ್ಕೆ ಅಷ್ಟು ಧಾರಾಳವಾಗಿ ಸಾಕು. ನಟನೆ ಅಂತ ವಾದ ಮಾಡಲು ಸಾಲುವುದಿಲ್ಲ. ಇಂಥ ಡಲ್ ಸಿನಿಮಾದಲ್ಲೂ ಚೆನ್ನಾಗಿ ಮಾಡಿದವರು ಯಾರಾದರೂ ಇದ್ದರೆ ಅವರು ಸಾಮಾನ್ಯವಾಗಿ ಎರಡೇ ದೃಶ್ಯಕ್ಕೆ ಬಂದುಹೋಗುವ ಮಾವನೋ, ಮದುವೆ ಬ್ರೋಕರೋ, ಪಕ್ಕದ ಮನೆಯ ಆಂಟಿಯೋ ಆಗಿರುತ್ತಾರೆ. ಅವರಿಗೆ ಫ್ಯಾನ್ಸ್ ಅಸೋಸಿಯೇಷನ್ ಇಲ್ಲದ್ದರಿಂದ ಆ ಬಗ್ಗೆ ಜಗಳವೂ ಇಲ್ಲ.